ಅಕ್ಕಿಕಾಳಿನಡಿಯ ದಾರಿ

ಬೆಳಗಿನ ಆರು ಗಂಟೆಗೆ ಜಿಲ್ಲಾ ಕಚೇರಿಯ ಹಿಂಬದಿಯ ಗೇಟು ತೆರೆಯುವುದು ಒಬ್ಬರಿಗಾಗಿ ಮಾತ್ರ. ಕಾವಲುಗಾರ ಆಕಳಿಸುತ್ತಲೇ ಬೀಗ ತೆಗೆದು, "ಸೂರ್ಯನಿಗಿಂತ ಮುಂಚೆ ಬರ್ತೀರಲ್ಲಕ್ಕ, ಅವನಿಗಾದ್ರೂ ನಾಚಿಕೆ ಆಗ್ಬೇಕು" ಎನ್ನುತ್ತಾನೆ. ದಿನವೂ ಇದೇ ಮಾತು. ಅವರೂ ದಿನವೂ ಮೊದಲ ಸಲ ಕೇಳಿದವರಂತೆ ನಗುತ್ತಾರೆ. ಆಮೇಲೆ ಉದ್ದನೆಯ ಪಡಸಾಲೆ ದಾಟಿ ಹೋಗಿ ದಾಖಲೆ ಕೋಣೆಯ ದೀಪ ಹಾಕುತ್ತಾರೆ.

ಮೊದಲ ಕೆಲಸ ಅಂಟು ಕಾಯಿಸುವುದು. ಮೂಲೆಯಲ್ಲಿ ಒಂದು ವಿದ್ಯುತ್ ಒಲೆ, ಅದರ ಮೇಲೆ ಅಂಚು ಸೊಟ್ಟಗಾದ ಅಲ್ಯೂಮಿನಿಯಂ ಪಾತ್ರೆ. ಎರಡು ಲೋಟ ಮೈದಾ ಹಿಟ್ಟು, ಹತ್ತು ಲೋಟ ನೀರು, ಹುಳ ಹತ್ತದಿರಲೆಂದು ಒಂದು ಚಿಟಿಕೆ ಮೈಲುತುತ್ತ. ಗಂಟು ಕಟ್ಟದ ಹಾಗೆ ಇಪ್ಪತ್ತು ನಿಮಿಷ ಒಂದೇ ಸಮನೆ ತಿರುವಬೇಕು. ಕಚೇರಿ ತೆರೆಯುವ ಹತ್ತು ಗಂಟೆಯ ಹೊತ್ತಿಗೆ ಅದು ಪೂರ್ತಿ ಆರಿರಬೇಕು, ಬಿಸಿ ಅಂಟು ತಾಗಿದರೆ ಹಳೆಯ ಕಾಗದ ಸುಕ್ಕಾಗುತ್ತದೆ.

ಅಂಟು ಆರುತ್ತಿರುವಾಗ ಎರಡನೆಯ ಕೆಲಸ. ಇದನ್ನು ಮಾಡಿ ಎಂದು ಯಾರೂ ಹೇಳಿಲ್ಲ. ಬಟ್ಟೆಯ ಚೀಲದಿಂದ ಒಂದು ನಕ್ಷೆ ತೆಗೆದು, ಪೂರ್ವದ ಕಿಟಕಿಯ ಗಾಜಿಗೆ ಎರಡೂ ಅಂಗೈಯಲ್ಲಿ ಒತ್ತಿ ಹಿಡಿಯುತ್ತಾರೆ. ಎಳೆಬಿಸಿಲು ಕಾಗದವನ್ನು ತೂರಿ ಬರುತ್ತದೆ. ಕಾಗದ ಒಂದೇ ಪದರ ಇರುವಲ್ಲಿ ಬೆಳಕು ಹಳದಿಯಾಗಿಯೂ ಎರಡು ಪದರ ಕೂಡಿರುವಲ್ಲಿ ಕಂದಾಗಿಯೂ ಕಾಣುತ್ತದೆ. ಆ ಕಂದು ಗೀಟು ಎಲ್ಲಾದರೂ ಇದೆಯೇ ಎಂದು ಅವರು ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತಾರೆ. ಏಳೂವರೆ ದಾಟಿದರೆ ಬಿಸಿಲು ಮೇಲೇರಿಬಿಡುತ್ತದೆ, ಮತ್ತೆ ಮರುದಿನವೇ. ಮೋಡ ಕವಿದ ದಿನ ಈ ಕೆಲಸಕ್ಕೆ ರಜೆ.

ಇವರ ಹೆಸರು ಹಾಜರಿ ಪುಸ್ತಕದಲ್ಲಿ ಇದೆ, ಆದರೆ ಅದನ್ನು ಕೂಗಿ ಕರೆದವರು ಕಡಿಮೆ. ಕಚೇರಿಗೆಲ್ಲ ಇವರು ಗೋಂದಕ್ಕ. ಹುದ್ದೆ ನಕ್ಷೆ ದುರಸ್ತಿ ಸಹಾಯಕಿ. ಮೂವತ್ತೊಂದು ವರ್ಷದಿಂದ ಸಹಾಯಕಿ. ಇವರು ಸಹಾಯ ಮಾಡಬೇಕಾದ ಮುಖ್ಯ ದುರಸ್ತಿಗಾರ ತೀರಿಕೊಂಡು ಇಪ್ಪತ್ತು ವರ್ಷವಾಯಿತು, ಆ ಜಾಗಕ್ಕೆ ಇವತ್ತಿನವರೆಗೂ ಯಾರೂ ಬಂದಿಲ್ಲ. "ಯಾರಿಗೆ ಸಹಾಯ ಮಾಡ್ತಿದೀನಿ ಅಂತ ಕೇಳ್ಬೇಡಿ, ನಂಗೂ ಗೊತ್ತಿಲ್ಲ" ಎಂದು ನಗುತ್ತಾರೆ. ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿ.

ಕೋಣೆಯಲ್ಲಿ ಮೂರು ಸಾವಿರದ ಎಂಟುನೂರು ನಕ್ಷೆಗಳಿವೆ. ಜಿಲ್ಲೆಯ ಒಂದೊಂದು ಊರು, ಹೊಲ, ಕೆರೆ, ಬಾವಿ, ದಾರಿ ಎಲ್ಲವೂ ನೂರು ವರ್ಷಕ್ಕೂ ಹಿಂದೆ ಯಾರೋ ಸರಪಳಿ ಹಿಡಿದು ನಡೆದು, ಅಳೆದು, ಕಪ್ಪು ಶಾಯಿಯಲ್ಲಿ ಬರೆದಿಟ್ಟಿದ್ದು. ಮಡಚಿ ಮಡಚಿ ಹರಿದದ್ದು, ಇಲಿ ತಿಂದದ್ದು, ತೇವಕ್ಕೆ ಉಬ್ಬಿದ್ದು, ಒಬ್ಬ ಮಹಾನುಭಾವರು ಊಟದ ಡಬ್ಬಿಗೆ ಸುತ್ತಿಕೊಂಡು ಹೋಗಿದ್ದು, ಹೀಗೆ ರೋಗ ಹಲವು. ಮದ್ದು ಮಾತ್ರ ಒಂದೇ. ನಕ್ಷೆಯನ್ನು ನೀರಿನ ತಟ್ಟೆಯಲ್ಲಿ ನೆನೆಸಬೇಕು, ಹಿಂದಿನ ಕೊಳೆತ ಬಟ್ಟೆ ಸುಲಿಯಬೇಕು, ಗಾಜಿನ ಮೇಜಿನ ಮೇಲೆ ಬೋರಲು ಹಾಸಿ ಹರಿದ ತುಂಡುಗಳನ್ನು ಜೋಡಿಸಬೇಕು, ಅಂಟು ಸವರಿ ತೆಳು ಬಿಳಿ ಬಟ್ಟೆ ಕೂರಿಸಿ, ನೆರಳಲ್ಲಿ ಎರಡು ದಿನ ಒಣಗಿಸಬೇಕು. ವಾರಕ್ಕೆ ಎರಡು ನಕ್ಷೆ ಮುಗಿಯುತ್ತವೆ. ಇಲ್ಲಿಯವರೆಗೆ ಇವರ ಕೈ ದಾಟಿ ಹೋದದ್ದು ಸುಮಾರು ಮೂರು ಸಾವಿರ.

ದರ್ಜಿಯ ಮಗಳಾದ್ದರಿಂದ ಗೋಂದಕ್ಕನವರಿಗೆ ಜಿಲ್ಲೆ ಕಾಣುವುದು ಹಗ್ಗದ ಮೇಲೆ ಒಣಹಾಕಿದ ಅಂಗಿಯ ಹಾಗೆ. ಕತ್ತಿನ ಕಡೆ ಗುಡ್ಡಗಳು. ಎಡ ತೋಳಿನಿಂದ ಒಳಗೆ ಬರುವ ನದಿ ಬಲ ಅಂಚಿನಲ್ಲಿ ಹೊರಗೆ ಹೋಗುತ್ತದೆ. ಎದೆಯ ಮೇಲೆ ಜೇಬಿನಂತೆ ಇರುವುದು ಜಲಾಶಯ. "ಆ ಜೇಬಲ್ಲಿ ಏಳು ಊರಿವೆ" ಎನ್ನುತ್ತಾರೆ. ಮುಳುಗಿದ ಆ ಏಳು ಊರುಗಳ ನಕ್ಷೆಗಳೇ ಕೋಣೆಯಲ್ಲಿ ಅತ್ಯಂತ ಚೊಕ್ಕಟವಾಗಿರುವವು, ಯಾರೂ ಕೇಳಿಕೊಂಡು ಬರುವುದಿಲ್ಲವಲ್ಲ. ವರ್ಷಕ್ಕೊಮ್ಮೆ ಒಬ್ಬ ಮುದುಕರು ಮಾತ್ರ ಬರುತ್ತಾರೆ. ತಮ್ಮ ಮನೆಯಿದ್ದ ಚೌಕದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತು, ಸಹಿ ಮಾಡಿ ಹೋಗುತ್ತಾರೆ.

ಅಳತೆಯಾದಾಗ ಜಿಲ್ಲೆಯಲ್ಲಿ ನಾನೂರ ಮೂವತ್ತೊಂದು ಊರಿದ್ದವು, ಈಗ ನಾನೂರ ಹನ್ನೆರಡು. ಕೆಲವು ನೀರಿಗೆ ಹೋದವು, ಕೆಲವು ರೋಗಕ್ಕೆ ಬರಿದಾದವು, ಮಿಕ್ಕವನ್ನು ಪಕ್ಕದ ಪಟ್ಟಣ ನುಂಗಿತು. ಒಂದು ಮಳೆಗಾಲದಲ್ಲಿ ನದಿ ಮಗ್ಗುಲು ಬದಲಿಸಿ, ಬಲದಂಡೆಯಲ್ಲಿ ಮಲಗಿದ ಊರೊಂದು ಎಡದಂಡೆಯಲ್ಲಿ ಎದ್ದಿದೆ. ಒಂಬತ್ತು ನಕ್ಷೆಗಳ ಮೇಲೆ ಕೆಂಪು ಪೆನ್ಸಿಲಿನ ರೈಲುದಾರಿ ಓಡುತ್ತದೆ. ಆ ರೈಲು ಬರಲೇ ಇಲ್ಲ. ಬರುತ್ತದೆಂದು ನಂಬಿ ಮೂರು ಊರಿನವರು ಮನೆಯ ಬಾಗಿಲನ್ನು ಆ ಕಡೆಗೇ ಇಟ್ಟುಕೊಂಡಿದ್ದಾರೆ ಎಂದು ಗೋಂದಕ್ಕನವರಿಗೆ ಹೇಳಿದ್ದು ಅವರ ಮನೆಯವರು.

ಮನೆಯವರು ನಿವೃತ್ತ ಅಂಚೆಯಣ್ಣ. ಮೂವತ್ತನಾಲ್ಕು ವರ್ಷ ಸೈಕಲ್ ತುಳಿದು ಜಿಲ್ಲೆಯ ಅರ್ಧ ಊರುಗಳಿಗೆ ಕಾಗದ ಹಂಚಿದವರು. ಹೆಂಡತಿ ಆ ಊರುಗಳನ್ನೆಲ್ಲ ಅಂಗೈಯಲ್ಲಿ ಸವರಿದವರು, ಆದರೆ ಒಂದನ್ನೂ ಕಣ್ಣಾರೆ ಕಂಡವರಲ್ಲ. ಹಾಗಾಗಿ ಊಟಕ್ಕೆ ಕೂತಾಗ ಜಗಳಕ್ಕೆ ವಿಷಯ ಹುಡುಕಬೇಕಾಗಿಲ್ಲ. ಅವರು ಎರಡು ಮೈಲಿ ಎಂದರೆ ಇವರು ಒಂದೂಮುಕ್ಕಾಲು ಎನ್ನುತ್ತಾರೆ. "ನಾನು ತುಳಿದವನು ಕಣೇ" ಎಂದು ಅವರು. "ನಿಮ್ಮ ಸೈಕಲ್ಲು ಸುತ್ತಿ ಬಳಸಿ ಹೋಗಿರುತ್ತೆ, ದಾರೀಲಿ ಚಹಾದಂಗಡಿ ಇರುತ್ತಲ್ಲ" ಎಂದು ಇವರು.

ಇವರಿಗೆ ಕೆಲಸ ಕಲಿಸಿದ ಆ ಮುಖ್ಯ ದುರಸ್ತಿಗಾರರನ್ನು ಎಲ್ಲರೂ ದಫ್ತರಿ ಅಜ್ಜ ಎನ್ನುತ್ತಿದ್ದರು. ಮಾತು ಕಡಿಮೆ, ಕಣ್ಣು ಚುರುಕು. ಅವರು ಹೇಳಿಕೊಟ್ಟ ಮೊದಲ ನಿಯಮ ಹರಿದ ಎರಡು ತುಂಡುಗಳನ್ನು ಅಂಚಿಗೆ ಅಂಚು ತಾಗಿಸಿ ಕೂರಿಸಬೇಕೆಂಬುದು. ಒಂದರ ಮೇಲೊಂದು ಹತ್ತಬಾರದು, ಕೂದಲೆಳೆಯಷ್ಟೂ. ಗೋಂದಕ್ಕನವರಿಗೆ ಆಗ ಇಪ್ಪತ್ತೊಂಬತ್ತು ವಯಸ್ಸು, ಅಪ್ಪನ ಅಂಗಡಿಯಲ್ಲಿ ಹನ್ನೆರಡು ವರ್ಷ ಬಟ್ಟೆ ಹೊಲಿದ ಕೈ. ಆ ಕೈ ತಿಳಿದಿದ್ದು ಬೇರೆ. ಎರಡು ಬಟ್ಟೆ ಸೇರಬೇಕಾದರೆ ಒಂದರ ಅಂಚು ಇನ್ನೊಂದರ ಮೇಲೆ ಸ್ವಲ್ಪ ಹತ್ತಲೇಬೇಕು, ಇಲ್ಲದಿದ್ದರೆ ಹೊಲಿಗೆ ಬಿಟ್ಟುಕೊಳ್ಳುತ್ತದೆ.

ಎರಡನೆಯ ವರ್ಷ ದಫ್ತರಿ ಅಜ್ಜ ಕಾಲು ಮುರಿದುಕೊಂಡು ಹನ್ನೊಂದು ವಾರ ಹಾಸಿಗೆ ಹಿಡಿದರು. ಕೋಣೆಗೆ ಒಬ್ಬರೇ ಆದ ಗೋಂದಕ್ಕ ತಾವೇ ಸ್ವತಂತ್ರವಾಗಿ ನಕ್ಷೆ ಜೋಡಿಸತೊಡಗಿದರು. ಮಡಿಕೆಯಲ್ಲಿ ನುಜ್ಜಾಗಿದ್ದ ಅಂಚುಗಳನ್ನು ಕಂಡು ಕೈ ತಡೆಯಲಿಲ್ಲ. "ಇದು ನಿಲ್ಲಲ್ಲ ಅನ್ನಿಸ್ತು. ಅಕ್ಕಿಕಾಳಿನಷ್ಟು ಮೇಲೆ ಹತ್ತಿಸ್ದೆ. ಗಟ್ಟಿಯಾಗಿ ಕೂತ್ಕೊಂತು. ಎಷ್ಟು ಚೆನ್ನಾಗಿ ಮಾಡ್ದೆ ಅಂತ ನಂಗೇ ಖುಷಿ" ಎನ್ನುವಾಗ ಅವರ ಮುಖದಲ್ಲಿ ಖುಷಿ ಇಲ್ಲ.

ಅಜ್ಜ ಕೋಲೂರಿಕೊಂಡು ವಾಪಸು ಬಂದ ದಿನವೇ ಮೇಜಿನ ಮೇಲಿದ್ದ ನಕ್ಷೆಯ ಮೇಲೆ ಬೆರಳಾಡಿಸಿ ದಿಣ್ಣೆಯನ್ನು ಪತ್ತೆ ಹಚ್ಚಿದರು. "ನಕ್ಷೆ ಅಂಗಿ ಅಲ್ಲ ಮಗಳೆ. ಅಂಗೀಲಿ ಒಳಗೆ ಮಡಚಿದ್ದು ಬಟ್ಟೆ. ಇಲ್ಲಿ ಒಳಗೆ ಹೋಗೋದು ನೆಲ" ಎಂದು, ಬಿಚ್ಚಿಸಿ, ಮತ್ತೆ ಮಾಡಿಸಿದರು. ಬೇರೆ ಎಷ್ಟು ಹೀಗೆ ಮಾಡಿದ್ದೀಯ ಎಂದು ಕೇಳಿದರು. ಬೈಗುಳದ ಭಯಕ್ಕೆ ಗೋಂದಕ್ಕ, "ಇದೊಂದೇ ಅಜ್ಜ" ಎಂದರು. ಆ ಹನ್ನೊಂದು ವಾರದಲ್ಲಿ ಇಪ್ಪತ್ತಮೂರು ನಕ್ಷೆ ಮುಗಿದಿದ್ದವು. ಮಿಕ್ಕ ಇಪ್ಪತ್ತೆರಡು ಆಗಲೇ ಕಪಾಟು ಸೇರಿದ್ದವು. ಮುಂದೆ ಎಂದೂ ಒಂದರ ಮೇಲೊಂದು ಹತ್ತಿಸಲಿಲ್ಲ, ಆ ಸುಳ್ಳನ್ನು ಸಹ ಮರೆತೇಬಿಟ್ಟರು.

ನೆನಪಿಸಿದ್ದು ಹೋದ ವರ್ಷ ಕೌಂಟರಿಗೆ ಬಂದ ಒಬ್ಬ ಹಾಲಿನಾಕೆ. ಹೊರವಲಯದ ಹನ್ನೆರಡು ಮನೆಯ ಕೇರಿಯವರು. ಕೇರಿಯಿಂದ ದೊಡ್ಡ ರಸ್ತೆಗೆ ಅರ್ಧ ಮೈಲಿಯೂ ಇಲ್ಲದ ಕಾಲುದಾರಿ, ಅವರ ಅಜ್ಜಿಯ ಕಾಲದಿಂದಲೂ ನಡೆದದ್ದು. ಪಕ್ಕದ ತೋಟ ಕೈ ಬದಲಾಗಿ, ಹೊಸ ಮಾಲೀಕರು ಅಳತೆ ಮಾಡಿಸಿ, ನಕ್ಷೆಯಲ್ಲಿ ದಾರಿಯೇ ಇಲ್ಲವೆಂದು ತಂತಿಬೇಲಿ ಎಳೆದಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ಆರು ವರ್ಷದ ಹಿಂದೆ ಹಳೆಯ ನಕ್ಷೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದಾಗ ಮೂಡಿದ ಪ್ರತಿಯಲ್ಲಿ ಎರಡೂ ಕಡೆಯ ಹೊಲಗಳು ಮೈಗೆ ಮೈ ತಾಗಿಕೊಂಡೇ ಇದ್ದವು. ಬೇಲಿ ಬಿದ್ದ ಮೇಲೆ ಕೇರಿಯವರಿಗೆ ಸುತ್ತು ದಾರಿ ಮೂರು ಮೈಲಿ. ಹಾಲು ಡೈರಿ ಮುಟ್ಟುವಷ್ಟರಲ್ಲಿ ಬೇಸಿಗೆಯಲ್ಲಿ ಒಡೆಯುತ್ತಿತ್ತು, ಶಾಲೆಗೆ ಹೋಗುವ ಮಕ್ಕಳು ಕತ್ತಲಲ್ಲೇ ಹೊರಡಬೇಕಿತ್ತು.

"ನಮ್ಮಜ್ಜಿ ನಡೆದಿದ್ದು ಕನಸಿನಲ್ಲಾ?" ಎಂದು ಹಾಲಿನಾಕೆ ಕೇಳುತ್ತಿದ್ದರು. ಗುಮಾಸ್ತರು ಕಂಪ್ಯೂಟರ್ ನೋಡಿಕೊಂಡೇ, "ಇನ್ನೂರ ಹದಿನೇಳು, ದಾರಿ ಇಲ್ಲಮ್ಮ" ಎಂದರು. ಒಳಗೆ ಬ್ರಷ್ ತೊಳೆಯುತ್ತಿದ್ದ ಗೋಂದಕ್ಕನವರ ಕಿವಿ ನೆಟ್ಟಗಾಯಿತು. ಇನ್ನೂರ ಹದಿನೇಳು. ಅಜ್ಜನಿಲ್ಲದ ಮೊದಲ ವಾರ, ಒಬ್ಬರೇ ಜೋಡಿಸಿದ ಮೊದಲ ನಕ್ಷೆ.

ಮರುದಿನ ಬೆಳಿಗ್ಗೆ ಬಂದು ಆ ನಕ್ಷೆಯನ್ನು ಕಿಟಕಿಗೆ ಹಿಡಿದರು. ನಟ್ಟನಡುವೆ, ಮಡಿಕೆಯ ಉದ್ದಕ್ಕೂ ಅಕ್ಕಿಕಾಳಿನ ಅಗಲದ ಕಂದು ಪಟ್ಟಿ. ಅದರೊಳಗೆ, ಮೇಲಿನ ಪದರದ ಅಡಿಯಲ್ಲಿ, ಜೋಡಿ ಚುಕ್ಕೆಗೀಟು ಮಸುಕಾಗಿ ಕಾಣುತ್ತಿತ್ತು. ನಕ್ಷೆಯ ಲೆಕ್ಕದಲ್ಲಿ ಅಕ್ಕಿಕಾಳಿನ ಅಗಲವೆಂದರೆ ನೆಲದ ಮೇಲೆ ಐವತ್ತು ಅಡಿ, ಎರಡು ಲಾರಿ ಎದುರುಬದುರಾಗಿ ಹಾಯಾಗಿ ಹೋಗುವಷ್ಟು ಜಾಗ. ಒಂದು ಕಾಲುದಾರಿ ಅಡಗಿಕೊಳ್ಳಲು ಅಷ್ಟು ಬೇಕಾದಷ್ಟಾಯಿತು. ಇಪ್ಪತ್ತೊಂಬತ್ತು ವರ್ಷ ಯಾರೂ ಕೇಳಲಿಲ್ಲ, ಏಕೆಂದರೆ ದಿನವೂ ನಡೆಯುವ ದಾರಿಯನ್ನು ಯಾರೂ ನಕ್ಷೆಯಲ್ಲಿ ಹುಡುಕುವುದಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆಗ ನಿವೃತ್ತಿಗೆ ಇನ್ನೂ ಒಂದು ವರ್ಷದ ಮೇಲೆ ನಾಲ್ಕು ತಿಂಗಳು. ಮೂವತ್ತು ವರ್ಷ ಒಂದು ಕಪ್ಪುಚುಕ್ಕೆ ಇಲ್ಲದ ಸೇವಾ ಪುಸ್ತಕ. ಆ ಮಡಿಕೆಯೊಳಗೆ ದಾರಿ ಅಡಗಿದೆ ಎಂದು ಹೇಳಬಲ್ಲವರು ಇಡೀ ಜಿಲ್ಲೆಯಲ್ಲಿ ಇವರೊಬ್ಬರೇ. ಆ ಸಂಜೆ ಊಟದ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತಿದ್ದವರನ್ನು ಅಂಚೆಯಣ್ಣ ಕೇಳಿ ಕೇಳಿ ವಿಷಯ ಬಾಯಿ ಬಿಡಿಸಿದರು. ಅವರು ಹೇಳಿದ್ದಿಷ್ಟೇ: "ತಪ್ಪಿ ಬೇರೆ ಮನೆಗೆ ಹಾಕಿ ಬಂದ ಕಾಗದನ ನಾನೇ ಹೋಗಿ ಇಸ್ಕೊಂಡು ಬರ್ತಿದ್ದೆ. ನಾಚಿಕೆ ಆಗ್ತಿತ್ತು. ಹೋಗ್ತಿದ್ದೆ."

ಗೋಂದಕ್ಕ ಹೋದರು. ಇವರಿಗಿಂತ ಇಪ್ಪತ್ತು ವರ್ಷ ಚಿಕ್ಕವರಾದ ದಾಖಲೆ ಅಧಿಕಾರಿ ಕೆಟ್ಟವರೇನಲ್ಲ, ಅವಸರದವರು ಅಷ್ಟೇ. ಎಲ್ಲ ಕೇಳಿ, "ಮೂಲ ನಕ್ಷೆ ಬಿಚ್ಚೋವಾಗ ಹರಿದ್ರೆ ಏನ್ ಮಾಡ್ತೀರಕ್ಕ? ದಾಖಲೆ ತಿದ್ದಿದ್ರು ಅಂತ ನಿಮ್ ಮೇಲೇ ಬರುತ್ತೆ. ಇನ್ನೇನು ಹೊರಡೋ ಹೊತ್ತು, ನೆಮ್ಮದಿಯಾಗಿ ಹೋಗಿ" ಎಂದರು. ಕಾಳಜಿಯ ಮಾತೇ. ಗೋಂದಕ್ಕ ತಲೆಯಾಡಿಸಿ ಹೊರಬಂದು, ಒಂದು ಬಿಳಿ ಹಾಳೆಯಲ್ಲಿ ಆರು ಸಾಲು ಬರೆದು, ಸಹಿ ಹಾಕಿ, ಅವರ ಮೇಜಿನ ಮೇಲಿಟ್ಟರು. ಮೊದಲ ಸಾಲು: ಇನ್ನೂರ ಹದಿನೇಳನೆಯ ನಕ್ಷೆಯಲ್ಲಿ ದಾರಿ ಮುಚ್ಚಿಹೋಗಿರುವುದು ನನ್ನ ಕೈಯಿಂದ.

ಆ ಹಾಳೆ ಒಂಬತ್ತು ದಿನ ಅಲ್ಲೇ ಇತ್ತು. ಹತ್ತನೆಯ ದಿನ ಅನುಮತಿ ಬಂತು. ಗಾಜಿನ ಮೇಜಿನ ಸುತ್ತ ಅಧಿಕಾರಿ, ಒಬ್ಬ ಸರ್ವೆಯರ್, ತೋಟದ ಮಾಲೀಕರು, ಹಾಲಿನಾಕೆ ನಿಂತರು. ಗೋಂದಕ್ಕ ಒದ್ದೆ ಬಟ್ಟೆಯನ್ನು ಮಡಿಕೆಯ ಮೇಲೆ ಹಾಸಿ ನಲವತ್ತು ನಿಮಿಷ ಬಿಟ್ಟರು. ನಡುವೆ ಸರ್ವೆಯರ್ ಒಮ್ಮೆ ಸೀನಿದರು. ಆಮೇಲೆ ಬಿದಿರಿನ ತೆಳು ಅಲಗನ್ನು ಪದರದ ನಡುವೆ ತೂರಿಸಿ, ಮೇಲಿನಿಂದ ಕೆಳಕ್ಕೆ ಬಿಚ್ಚುತ್ತ ಬಂದರು. "ನನ್ ಅಂಟು ಅಷ್ಟು ಗಟ್ಟಿ ಅಂತ ಅವತ್ತು ಬೇಜಾರಾಯ್ತು. ಜೀವನದಲ್ಲಿ ಮೊದಲನೇ ಸಲ."

ಕಾಗದ ಹರಿಯಲಿಲ್ಲ. ಬೆರಳುದ್ದದ ಜೋಡಿ ಚುಕ್ಕೆಗೀಟು, ಇಪ್ಪತ್ತೊಂಬತ್ತು ವರ್ಷ ಬಿಸಿಲು ಕಾಣದ ಕಪ್ಪು ಶಾಯಿ, ನಕ್ಷೆಯ ಬೇರೆಲ್ಲ ಗೀಟುಗಳಿಗಿಂತ ಹೊಸದಾಗಿ ಹೊರಬಂತು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ಸಾರ್ವಜನಿಕ ಕಾಲುದಾರಿ' ಎಂದಿತ್ತು. ಒಂದೇ ಒಂದು ಕಡೆ, ಬಟಾಣಿಯಷ್ಟು ಜಾಗದಲ್ಲಿ, ಶಾಯಿ ಮೇಲಿನ ಪದರಕ್ಕೆ ಅಂಟಿಕೊಂಡು ಕಿತ್ತುಬಂದಿತ್ತು. ತೋಟದ ಮಾಲೀಕರು ಅಲ್ಲಿಗೇ ಬೆರಳಿಟ್ಟು, "ಇಲ್ಲಿ ದಾರಿ ಇಲ್ಲವಲ್ಲ" ಎಂದರು. ಸರ್ವೆಯರ್ ಕನ್ನಡಕ ಸರಿಮಾಡಿಕೊಂಡು, "ಆಚೆಗೂ ಇದೆ, ಈಚೆಗೂ ಇದೆ. ಮಧ್ಯದಲ್ಲಿ ಜನ ಹಾರ್ಕೊಂಡು ಹೋಗ್ತಿದ್ರು ಅಂತೀರಾ ಸಾರ್?" ಎಂದರು. ಮಾಲೀಕರಿಗೂ ನಗು ಬಂತು. ಎರಡು ವಾರದಲ್ಲಿ ಬೇಲಿ ತೆರೆಯಿತು.

ಹಾಲಿನಾಕೆಯನ್ನು ಈ ಬಗ್ಗೆ ಕೇಳಿದರೆ ಅವರು ಹೊಗಳಿಕೆಗೆ ಇಳಿಯುವುದಿಲ್ಲ. "ತಪ್ಪು ಮಾಡ್ದೋರು ತಾವಾಗೇ ಬಂದು ಹೇಳಿದ್ದನ್ನ ನಾನು ಬೇರೆ ಎಲ್ಲೂ ನೋಡಿಲ್ಲ. ಆದ್ರೂ ಒಂಬತ್ತು ತಿಂಗಳು ಸುತ್ತಿದ್ದು ನನ್ ಕಾಲು ತಾನೇ? ಅದನ್ನೂ ಅವರಿಗೆ ಹೇಳಿದೀನಿ" ಎನ್ನುತ್ತಾರೆ. ಗೋಂದಕ್ಕ ಇದನ್ನು ಒಪ್ಪುತ್ತಾರೆ. ಬೈದದ್ದೇ ಒಳ್ಳೆಯದಾಯಿತು, ಅಜ್ಜನ ಕೈಲಿ ತಪ್ಪಿಸಿಕೊಂಡ ಬೈಗುಳ ಯಾರ ಕೈಲಾದರೂ ಸಿಗಬೇಕಿತ್ತು ಎನ್ನುವುದು ಅವರ ಲೆಕ್ಕ. ಸೇವಾ ಪುಸ್ತಕದಲ್ಲಿ ಈಗ ಒಂದು ಎಚ್ಚರಿಕೆ ಪತ್ರ ಸೇರಿದೆ. ಅದರ ಮಾತು ಬಂದಾಗ ಅವರ ಕಣ್ಣು ತುಂಬುತ್ತದೆ, ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಅವರು ಮಾಡುವುದಿಲ್ಲ.

ಬೆಳಗಿನ ಕಿಟಕಿ ಕೆಲಸ ಶುರುವಾದದ್ದು ಆಮೇಲೆ. ಪ್ರತಿ ನಕ್ಷೆಯ ಬೆನ್ನಿನ ಮೇಲೆ ದುರಸ್ತಿ ಮಾಡಿದವರ ಗುರುತು ಮತ್ತು ತಾರೀಖು ಇರುತ್ತದೆ. ಆ ಹನ್ನೊಂದು ವಾರದ ತಾರೀಖಿನ ಮಿಕ್ಕ ಇಪ್ಪತ್ತೊಂದನ್ನು ಹುಡುಕಿ, ಒಂದೊಂದಾಗಿ ಬೆಳಕಿಗೆ ಹಿಡಿದು, ಪದರ ಹತ್ತಿದ್ದನ್ನು ಅನುಮತಿ ಪಡೆದು ಬಿಚ್ಚಿ ಸರಿಮಾಡುತ್ತಿದ್ದಾರೆ. ಹದಿನಾರು ಮುಗಿದಿವೆ. ಒಂದರ ಮಡಿಕೆಯಲ್ಲಿ ಒಂದು ಬಾವಿ ಸಿಕ್ಕಿತು. ಆ ಊರಿನವರು ಅದನ್ನು ಎಂದೋ ಮುಚ್ಚಿ ಮೇಲೆ ವಾಲಿಬಾಲ್ ಆಡುತ್ತಿದ್ದಾರೆ. ಮಿಕ್ಕವುಗಳಲ್ಲಿ ಸಿಕ್ಕಿದ್ದು ಬರೀ ಹೊಲ. ಐದು ನಕ್ಷೆ ಬಾಕಿ, ತಿಂಗಳು ನಾಲ್ಕು. ಮೋಡ ಕೈಕೊಡದಿದ್ದರೆ ಸಾಕು.

ಹತ್ತು ಗಂಟೆಯಾಗುತ್ತಿದೆ. ಕಚೇರಿಯ ಕುರ್ಚಿಗಳು ಒಂದೊಂದಾಗಿ ಸದ್ದು ಮಾಡುತ್ತಿವೆ, ಅಂಟು ಆರಿ ಕೆನೆ ಕಟ್ಟಿದೆ. ಗೋಂದಕ್ಕ ಇನ್ನೂರ ಹದಿನೇಳನ್ನು ತೆಗೆದು ಬೋರಲು ಹಾಕಿ ತೋರಿಸುತ್ತಾರೆ. ಹಳೆಯ ತಾರೀಖಿನ ಕೆಳಗೆ ಹೊಸ ತಾರೀಖು, ಅದರ ಮುಂದೆ ಅವರದೇ ಅಕ್ಷರ: 'ನನ್ನ ತಪ್ಪು, ನಾನೇ ಬಿಚ್ಚಿದ್ದು.' ನಕ್ಷೆ ತಿರುಗಿಸಿದರೆ ಎರಡು ತುಂಡುಗಳು ಅಂಚಿಗೆ ಅಂಚು ತಾಗಿ ಕೂತಿವೆ. ಬೆರಳಾಡಿಸಿದರೆ ದಿಣ್ಣೆ ಸಿಗುವುದಿಲ್ಲ.

ನಿವೃತ್ತಿಯಾದ ಮೇಲೆ ಏನು ಮಾಡುತ್ತೀರಿ ಎಂದರೆ ಹೆಚ್ಚೇನೂ ಇಲ್ಲ ಎನ್ನುತ್ತಾರೆ. ಮೊದಲ ದಿನವೇ ಬಸ್ಸು ಹತ್ತಿ ಆ ಕೇರಿಗೆ ಹೋಗುವುದೆಂದು ತೀರ್ಮಾನವಾಗಿದೆ. ಅಂಚೆಯಣ್ಣನೂ ಬರುತ್ತಾರಂತೆ, ಆದರೆ ದಾರಿ ತೋರಿಸಕೂಡದೆಂಬ ಷರತ್ತಿನ ಮೇಲೆ.

"ದೊಡ್ಡ ರಸ್ತೇಲಿ ಇಳಿದು, ಆ ದಾರೀಲಿ ಕೇರಿ ತನಕ ನಡೀಬೇಕು" ಎನ್ನುತ್ತ ಗೋಂದಕ್ಕ ಬ್ರಷ್ಷನ್ನು ಅಂಟಿನಲ್ಲಿ ಅದ್ದುತ್ತಾರೆ. "ಹೆಜ್ಜೆ ಎಣಿಸ್ಕೊಂಡು ಹೋಗ್ತೀನಿ. ಒಂದು ಅಕ್ಕಿಕಾಳಿನ ಕೆಳಗೆ ಎಷ್ಟು ನೆಲ ಇಟ್ಟಿದ್ದೆ ಅಂತ ಕೈಗೆ ಗೊತ್ತಾಗಿದೆ. ಕಾಲಿಗೂ ಗೊತ್ತಾಗ್ಲಿ."